ಹೊಳೆಯ ಪಾಲು

ಮೈಸೂರಿನ ಗೋಕುಲಂನಲ್ಲಿ ನಾವು ನೆಲೆಸಿ ಇಪ್ಪತ್ತು ವರ್ಷಗಳ ಮೇಲಾಯಿತು. ನಮ್ಮ ಬೀದಿ ಕೊಂಚ ಎತ್ತರದ್ದು. ಎಂಥ ಜಡಿಮಳೆ ಸುರಿದರೂ ನೀರು ಇಳಿಜಾರಿಗೆ ಹರಿದುಹೋಗುತ್ತದೆಯೇ ಹೊರತು ಹೊಸ್ತಿಲ ಬಳಿ ನಿಲ್ಲುವುದಿಲ್ಲ. ನಲ್ಲಿಯ ನೀರು ಒಂದು ದಿನ ತಡವಾದರೆ ಅದೇ ನಮ್ಮ ಪಾಲಿನ ಅನಾವೃಷ್ಟಿ. ಗಾಳಿಮಳೆಗೆ ಒಂದು ರಾತ್ರಿ ವಿದ್ಯುತ್ತು ಹೋದರೆ ಅದೇ ಅತಿವೃಷ್ಟಿ. ಇಂಥ ನೆಮ್ಮದಿಯ ತಾಣದಲ್ಲಿ ಕುಳಿತು ಹವಾಮಾನದ ವೈಪರೀತ್ಯವನ್ನು ಕುರಿತು ಬರೆಯುವ ಅಧಿಕಾರ ನಮಗೆ ಎಷ್ಟರಮಟ್ಟಿಗೆ ಇದೆ ಎಂಬ ಸಂಕೋಚದಿಂದಲೇ ಈ ಬರಹವನ್ನು ಆರಂಭಿಸುತ್ತಿದ್ದೇವೆ. ಸಂಕೋಚಕ್ಕೆ ಬೇರೊಂದು ಕಾರಣವೂ ಉಂಟು. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಗೋಕುಲಂಗೆ ಯೋಗಾಭ್ಯಾಸಕ್ಕೆಂದು ಹೊರದೇಶಗಳ ಜನ ಬರುವುದು ವಾಚಕರಿಗೆ ತಿಳಿದ ವಿಷಯವೇ. 2024ರ ಜುಲೈ ಕೊನೆಯಲ್ಲಿ ನಮ್ಮ ನೆರೆಮನೆಯ ಮಾಳಿಗೆಯ ಕೊಠಡಿಯಲ್ಲಿ ಫಿಲಿಪೀನ್ಸ್ ದೇಶದ ಲೇಯ್ಟೆ ದ್ವೀಪದ ಒಬ್ಬ ತರುಣಿ ತಂಗಿದ್ದಳು. ಆ ವಾರವೇ ವಯನಾಡಿನಲ್ಲಿ ಬೆಟ್ಟ ಕುಸಿದು ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳು ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗಿದ್ದವು; ಇನ್ನೂರಕ್ಕೂ ಮಿಕ್ಕಿ ಜನ ಜೀವ ಕಳೆದುಕೊಂಡಿದ್ದರು. ಇತ್ತ ಕಪಿಲೆಯೂ ಉಕ್ಕಿ, ನಂಜನಗೂಡಿನ ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗಿದ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಜಗಲಿಯ ಮೇಲಿದ್ದ ಪತ್ರಿಕೆಯಲ್ಲಿ ಆ ಚಿತ್ರವನ್ನು ನೋಡಿದ ಆಕೆ ಇದು ಎಷ್ಟು ದೂರವೆಂದು ಕೇಳಿದಳು. ಇಪ್ಪತ್ತೈದು ಕಿಲೋಮೀಟರಿನೊಳಗೆ ಎಂದೆವು. ನೆರೆಮನೆಯ ಹುಡುಗನ ನೆರವಿನಿಂದ ಆಕೆ ಕೇಳಿದ ಎರಡನೆಯ ಪ್ರಶ್ನೆ ನಮ್ಮನ್ನು ಸುಮ್ಮನಾಗಿಸಿತು. ನೀರು ಬರುತ್ತದೆಂದು ಅಲ್ಲಿಯ ಜನರಿಗೆ ಹೇಳಿದವರು ಯಾರು, ಯಾವ ಮಾತಿನಲ್ಲಿ ಹೇಳಿದರು? ಎಷ್ಟು ಜನ ಸತ್ತರು, ಎಷ್ಟು ನಷ್ಟವಾಯಿತು ಎಂದು ಕೇಳುವುದು ಲೋಕರೂಢಿ. ಯಾವ ಮಾತಿನಲ್ಲಿ ಹೇಳಿದರು ಎಂದು ಕೇಳಿದವರನ್ನು ನಾವು ಅದುವರೆಗೆ ಕಂಡಿರಲಿಲ್ಲ.

ಆ ಪ್ರಶ್ನೆಯ ಹಿಂದೆ ಅವಳ ನಾಡಿನ ಒಂದು ಕಥೆಯಿತ್ತು. 2013ರ ನವೆಂಬರ್ 8ರಂದು ಹೈಯಾನ್ ಎಂಬ ಚಂಡಮಾರುತ ಲೇಯ್ಟೆ ದ್ವೀಪವನ್ನು ಅಪ್ಪಳಿಸಿತು; ಆ ದೇಶದವರು ಅದನ್ನು ಯೋಲಾಂಡಾ ಎಂದು ಕರೆಯುತ್ತಾರೆ. ಮಡಿದವರು ಆರು ಸಾವಿರದ ಮುನ್ನೂರಕ್ಕೂ ಹೆಚ್ಚು. ವರ್ಷಕ್ಕೆ ಇಪ್ಪತ್ತರಷ್ಟು ಚಂಡಮಾರುತಗಳನ್ನು ಕಾಣುವ ಆ ದೇಶಕ್ಕೆ ಬಿರುಗಾಳಿ ಹೊಸದಲ್ಲ. ಮುನ್ಸೂಚನೆಯೂ ಇಲ್ಲದಿರಲಿಲ್ಲ, ಸಮುದ್ರದ ನೀರು ಗೋಡೆಯಂತೆದ್ದು ನೆಲದ ಮೇಲೆ ನುಗ್ಗುವುದೆಂದು ಸರ್ಕಾರದವರು ಮುಂಚಿತವಾಗಿಯೇ ಸಾರಿದ್ದರು. ಆದರೆ ಅದಕ್ಕೆ ಅವರು ಬಳಸಿದ್ದು ಹವಾಮಾನ ಶಾಸ್ತ್ರಜ್ಞರ ಇಂಗ್ಲಿಷ್ ಪದ. ಟಕ್ಲೋಬಾನ್ ನಗರದ ಕಡಲಂಚಿನ ಜನ ಅದನ್ನು ಜೋರುಗಾಳಿಯೆಂದು ತಿಳಿದು ಮನೆಯೊಳಗೆ ಬಾಗಿಲು ಭದ್ರಪಡಿಸಿಕೊಂಡು ಕುಳಿತರು. ಸುನಾಮಿ ಬರುತ್ತದೆ ಎಂದಿದ್ದರೆ ಓಡಿಬಿಡುತ್ತಿದ್ದೆವು ಎಂದು ಬದುಕುಳಿದವರು ಆಮೇಲೆ ಹಲುಬಿದರು. ಎಚ್ಚರಿಕೆಯ ಮಾತು ಇತ್ತು. ಅದು ಕೇಳುವವನ ಮಾತಾಗಿರಲಿಲ್ಲ. ಜನರ ನುಡಿಯಲ್ಲಿ ಜನರಿಗೆ ತಿಳಿವನ್ನು ಮುಟ್ಟಿಸಿದ ಶರಣರ ಪರಂಪರೆಯ ನಮಗೆ ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ.

ಅದೇ ಜನರಲ್ಲಿ ಬಾಯನಿಹಾನ್ ಎಂಬ ಹಳೆಯ ಪದ್ಧತಿಯೊಂದಿದೆ. ಹಿಂದೆ ಅಲ್ಲಿಯ ಹಳ್ಳಿಗಳ ಮನೆಗಳು ಬಿದಿರು ಮತ್ತು ತಾಳೆಯ ಜಾತಿಯ ಗರಿಗಳಿಂದ ಕಟ್ಟಿದಂಥವು. ಒಂದು ಸಂಸಾರ ಮನೆಯ ಜಾಗವನ್ನು ಬದಲಿಸಬೇಕಾದರೆ ಊರವರೆಲ್ಲ ಸೇರಿ ಮನೆಯ ಅಡಿಗೆ ಉದ್ದನೆಯ ಬೊಂಬುಗಳನ್ನು ಕಟ್ಟಿ, ಹೆಗಲುಕೊಟ್ಟು, ಇಡೀ ಮನೆಯನ್ನೇ ಹೊತ್ತು ನಡೆಯುತ್ತಿದ್ದರು. ಕೂಲಿಯಿಲ್ಲ, ಕೆಲಸ ಮುಗಿದ ಮೇಲೆ ಆ ಮನೆಯವರು ಹಾಕುವ ಊಟವೇ ಸಂಭಾವನೆ. ಈಗ ಮನೆಗಳು ಸಿಮೆಂಟಿನವಾಗಿವೆ, ಹೊರುವಂತಿಲ್ಲ. ಹೆಸರು ಮಾತ್ರ ಎಲ್ಲ ಬಗೆಯ ಒಗ್ಗಟ್ಟಿನ ದುಡಿಮೆಗೂ ನಿಂತಿದೆ. 2021ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದಲ್ಲಿ, ಮನಿಲಾದ ಮಗ್ಗುಲ ಕ್ವೆಜಾನ್ ನಗರದ ಬೀದಿಯೊಂದರಲ್ಲಿ ಒಂದು ಬಿದಿರಿನ ಗಾಡಿಯಲ್ಲಿ ಅಕ್ಕಿ, ತರಕಾರಿ ಇಟ್ಟು, ಶಕ್ತಿಯಿದ್ದಷ್ಟು ಇಡಿ, ಬೇಕಾದಷ್ಟನ್ನು ಮಾತ್ರ ಒಯ್ಯಿರಿ ಎಂಬರ್ಥದ ಫಲಕ ತೂಗುಹಾಕಿದರಂತೆ. ಕೆಲವೇ ವಾರಗಳಲ್ಲಿ ಆ ದೇಶದ ಊರೂರಿನಲ್ಲಿ ಅಂಥ ನೂರಾರು ಗಾಡಿಗಳು ಹುಟ್ಟಿಕೊಂಡವು. ದಾಸೋಹ ಎಂಬ ಶಬ್ದವನ್ನು ಎಂದೂ ಕೇಳದ ಜನ ಅವರು. ಕೊಟ್ಟವನ ಹೆಸರಿಲ್ಲದೆ, ಪಡೆದವನ ವಿಚಾರಣೆಯಿಲ್ಲದೆ ನಡೆದ ಆ ಕಾರ್ಯಕ್ಕೆ ನಮ್ಮಲ್ಲಿ ಬೇರೆ ಹೆಸರು ನಮಗೆ ತೋಚಲಿಲ್ಲ.

ಆದರೆ ಆ ತರುಣಿ ತನ್ನವರನ್ನು ಹೊಗಳಿಸಿಕೊಳ್ಳಲು ಇಷ್ಟಪಡಲಿಲ್ಲ. ನಿಮ್ಮ ಜನ ಎಷ್ಟು ಗಟ್ಟಿಗರು, ಬಿದ್ದರೂ ನಗುತ್ತಾ ಏಳುತ್ತಾರೆ ಎಂಬ ಮಾತು ಕೇಳಿ ಕೇಳಿ ಅವರಿಗೆ ಬೇಸರ ಬಂದಿದೆಯಂತೆ. ಜನ ಸಹಿಸುತ್ತಾರೆ ಎಂಬ ಪ್ರಶಂಸೆಯ ಮರೆಯಲ್ಲಿ ಮಾಡಬೇಕಾದವರು ಕೆಲಸ ಮಾಡದೆ ಉಳಿಯುತ್ತಾರೆ ಎಂಬುದು ಅವರ ದೂರು. ಇದು ಅತಿಯಾದ ಮಾತೆಂದು ನಮಗೆ ಆಗ ಅನ್ನಿಸಿತ್ತು. ಮರುವರ್ಷ, 2025ರಲ್ಲಿ, ಅಲ್ಲಿಯ ಪ್ರವಾಹ ನಿಯಂತ್ರಣ ಕಾಮಗಾರಿಗಳಲ್ಲಿ ನಡೆದ ಅವ್ಯವಹಾರ ಬಯಲಿಗೆ ಬಂದು, ಸೆಪ್ಟೆಂಬರ್ 21ರಂದು ಮನಿಲಾದ ಬೀದಿಗಳಲ್ಲಿ ಅಪಾರ ಜನಸ್ತೋಮ ಪ್ರತಿಭಟಿಸಿದ ಸುದ್ದಿಯನ್ನು ಓದಿದಾಗ ಆಕೆಯ ಮಾತಿನ ಬೆಲೆ ತಿಳಿಯಿತು.

ಇನ್ನು ನಮ್ಮ ಕಪಿಲೆಯ ವಿಚಾರ. ಕಬಿನಿ ಎಂದು ಸರ್ಕಾರಿ ದಫ್ತರಗಳಲ್ಲಿಯೂ ಕಪಿಲೆ ಎಂದು ಭಕ್ತರ ಬಾಯಲ್ಲಿಯೂ ಇರುವ ಈ ಹೊಳೆ ವಯನಾಡಿನಲ್ಲಿ ಮಾನಂತವಾಡಿ, ಪನಮರಂ ಹೊಳೆಗಳ ಸಂಗಮದಿಂದ ಮೈದುಂಬಿ, ಹೆಗ್ಗಡದೇವನಕೋಟೆಯ ಕಾಡಂಚಿಗೆ ಇಳಿದು, ನಂಜನಗೂಡು, ಸುತ್ತೂರುಗಳನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೀಚನಹಳ್ಳಿಯ ಬಳಿ 1974ರಲ್ಲಿ ಪೂರ್ಣಗೊಂಡ ಜಲಾಶಯದ ಸಾಮರ್ಥ್ಯ 19.52 ಟಿ.ಎಂ.ಸಿ.; ಕನ್ನಂಬಾಡಿಯದು 49.45. ಪಾತ್ರೆ ಚಿಕ್ಕದು, ಸುರಿಯುವ ಕೈ ದೊಡ್ಡದು. ವಯನಾಡಿನಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದರೆ ಕಬಿನಿ ತುಂಬುತ್ತದೆ. ತುಂಬಿದ ಮೇಲೆ ಬಂದಷ್ಟನ್ನೂ ಕೆಳಗೆ ಬಿಡದೆ ವಿಧಿಯಿಲ್ಲ. ಆದುದರಿಂದ ನಂಜನಗೂಡಿನಲ್ಲಿ ಒಂದು ಹನಿ ಮಳೆಯಿಲ್ಲದೆ ಬಿಸಿಲು ಕಾಯುತ್ತಿರುವಾಗಲೂ ಹೊಳೆ ಏರುವುದುಂಟು. ಬರುವ ನೀರಿನ ಸುದ್ದಿ ನೀರಿಗಿಂತ ಮೊದಲು ಬರಬೇಕಾದ ಊರುಗಳಿವು.

ನಂಜನಗೂಡಿಗೂ ತಿರುಮಕೂಡಲಿಗೂ ನಡುವಣ ಇಂಥದೊಂದು ಹೊಳೆದಂಡೆಯ ಊರು ನಮ್ಮದು. ಎಂಟನೆಯ ವಯಸ್ಸಿಗೆ ಮಠದ ಪ್ರಸಾದನಿಲಯಕ್ಕೆ ಸೇರಿದ ನಾವು ಆಮೇಲೆ ಊರಿನಲ್ಲಿ ಬಾಳಿದ್ದು ಕಡಿಮೆ. ಆದರೂ ಊರ ಕೆಳಗಿನ ಒಂದು ಜಮೀನು ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದೆ. ಮುಕ್ಕಾಲು ಎಕರೆಯ ಆ ನೆಲದಲ್ಲಿ ಅಜ್ಜನವರು ಬೇಸಿಗೆಯಲ್ಲಿ ಸೌತೆ, ಕುಂಬಳ, ಕಲ್ಲಂಗಡಿ ಬಿಟ್ಟರೆ ಬೇರೆ ಬೆಳೆ ಇಡುತ್ತಿರಲಿಲ್ಲ. ಮಳೆಗಾಲದಲ್ಲಿ ಅದು ಖಾಲಿ. ದನ ಕಟ್ಟುವುದೂ ಇಲ್ಲ, ಹುಲ್ಲಿನ ಬಣವೆ ಒಟ್ಟುವುದೂ ಇಲ್ಲ. ಏಕೆಂದು ಕೇಳಿದರೆ ಅದು ನಮ್ಮದಲ್ಲ, ಹೊಳೆಯ ಪಾಲು ಎನ್ನುತ್ತಿದ್ದರು. 1924ರ ಜುಲೈನಲ್ಲಿ ಮಲೆಯಾಳ ಸೀಮೆಯನ್ನೂ ಕಾವೇರಿ ಕಣಿವೆಯನ್ನೂ ಮುಳುಗಿಸಿದ ಮಹಾಪ್ರವಾಹವನ್ನು ಅವರು ಬಾಲಕರಾಗಿ ಕಂಡವರು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಒಬ್ಬ ಅಣ್ಣನಿಗೆ ಬಿಡುವಂತೆ ಹೊಳೆಗೂ ಒಂದು ಪಾಲು ಬಿಟ್ಟಿದ್ದರು ಎಂದು ಈಗ ತೋರುತ್ತದೆ. ಆಗ ಅದು ನಮಗೆ ಮುದುಕರ ಮೌಢ್ಯವಾಗಿ ಕಂಡಿತ್ತು.

ನಮ್ಮ ಅರಿಕೆ ಇಲ್ಲಿದೆ. 2007ರಲ್ಲಿ ನಮ್ಮ ತಮ್ಮನವರು ಆ ಜಾಗದಲ್ಲಿ ಮನೆ ಕಟ್ಟಲು ಹೊರಟರು. ರಸ್ತೆಗೆ ಹತ್ತಿರ, ಹೊಳೆಯ ತಂಪು, ಮಗಳ ಮದುವೆಗೆ ಮುನ್ನ ತಾರಸಿ ಮನೆಯಾಗಬೇಕೆಂಬ ಹಂಬಲ. ಮನೆತನದಲ್ಲಿ ಓದಿದವರೆಂದು ನಮ್ಮನ್ನು ಕೇಳಿದರು. ಅಜ್ಜನ ಮಾತು ನಮಗೆ ನೆನಪಿಗೆ ಬಂದಿತು. ಬಂದರೂ, ಅಣೆಕಟ್ಟು ಕಟ್ಟಿ ಮೂವತ್ತು ವರ್ಷಗಳಾದವು, ಇನ್ನೆಲ್ಲಿಯ ಪ್ರವಾಹ ಎಂದು ಹೇಳಿ ಒಪ್ಪಿಗೆ ಕೊಟ್ಟೆವು. ಗೃಹಪ್ರವೇಶದ ದಿನ ಬಸವಣ್ಣನವರ ಕಾಯಕತತ್ತ್ವವನ್ನು ಕುರಿತು ಅದೇ ಮನೆಯ ಪಡಸಾಲೆಯಲ್ಲಿ ಒಂದು ಗಂಟೆ ಮಾತನಾಡಿಯೂ ಇದ್ದೆವು. ಕೇಳಿದವರು ತಲೆದೂಗಿದರು. ನಾವು ಓದಿದ ಯಾವ ಗ್ರಂಥಕ್ಕೂ ಅಜ್ಜನ ಆ ಒಂದು ಮಾತಿನ ತೂಕವಿರಲಿಲ್ಲವೆಂಬುದು ತಿಳಿಯಲು ಹನ್ನೆರಡು ವರ್ಷ ಬೇಕಾಯಿತು.

2019ರ ಆಗಸ್ಟ್ 9. ಶ್ರಾವಣ ಮಾಸದ ಎರಡನೆಯ ಶುಕ್ರವಾರ. ಹಿಂದಿನ ದಿನ ವಯನಾಡಿನ ಪುತ್ತುಮಲದಲ್ಲಿ ಬೆಟ್ಟ ಕುಸಿದಿತ್ತು. ಕಬಿನಿಯಿಂದ ಬಿಟ್ಟ ನೀರು ಲಕ್ಷ ಕ್ಯೂಸೆಕ್ಸನ್ನು ದಾಟಿತು. ಮಲ್ಲನಮೂಲೆ ಮಠದ ಬಳಿ ಮೈಸೂರು-ನಂಜನಗೂಡು ಹೆದ್ದಾರಿಯ ಮೇಲೆಯೇ ಹೊಳೆ ಹರಿದು ಸಂಚಾರ ನಿಂತಿತು. ಅದರ ಹಿಂದಿನ ವರ್ಷವೂ ಅಲ್ಲಿ ನೀರು ಬಂದಿತ್ತು; ಆಗ ಊರವರು ಇದು ನೂರು ವರ್ಷಕ್ಕೊಮ್ಮೆ ಬರುವಂಥದು ಎಂದು ಸಮಾಧಾನಪಟ್ಟಿದ್ದರು. ನೂರು ವರ್ಷ ಹನ್ನೆರಡು ತಿಂಗಳಲ್ಲಿ ಮುಗಿಯಿತು.

ತಮ್ಮನವರ ಮನೆಯಲ್ಲಿ ಆ ಸಂಜೆ ಪೂಜೆಯ ದೀಪ ಹಚ್ಚಿದ್ದರು. ಬಚ್ಚಲ ಮೋರಿಯಿಂದ ನೀರು ಒಳಕ್ಕೆ ಹಿಮ್ಮರಳಿ ಬಂದುದೇ ಮೊದಲ ಸೂಚನೆ. ಊರಿನಲ್ಲಿ ಆಟೋದವರು ಧ್ವನಿವರ್ಧಕ ಹಿಡಿದು ಸಾರಿದ್ದರು, ಸುಳ್ಳಲ್ಲ. ಇಷ್ಟು ಸಾವಿರ ಕ್ಯೂಸೆಕ್ಸ್ ನೀರು ಬಿಡಲಾಗಿದೆ, ನದಿಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು ಎಂಬ ಸರ್ಕಾರಿ ಒಕ್ಕಣೆ. ನಮ್ಮ ನಾದಿನಿಗೆ ಕ್ಯೂಸೆಕ್ಸ್ ಎಂದರೇನೆಂದು ಹೇಗೆ ತಿಳಿಯಬೇಕು? ನದಿಪಾತ್ರದ ಜನ ಎಂದರೆ ತಾವೇ ಎಂಬುದೂ ಆಕೆಗೆ ಹೊಳೆದಿರಲಿಲ್ಲ. ನೀರು ನಿಮ್ಮ ಅರಳಿಕಟ್ಟೆಯ ಎರಡನೆಯ ಮೆಟ್ಟಿಲು ಮುಟ್ಟುತ್ತದೆ ಎಂದು ಯಾರಾದರೂ ಹೇಳಿದ್ದರೆ ಆಕೆ ಮಧ್ಯಾಹ್ನವೇ ಹೊರಡುತ್ತಿದ್ದಳು. ಲೇಯ್ಟೆಯ ತರುಣಿ ಐದು ವರ್ಷಗಳ ಅನಂತರ ಕೇಳಿದ ಪ್ರಶ್ನೆಗೆ ನಮ್ಮ ಮನೆಯಲ್ಲೇ ಉತ್ತರವಿತ್ತು. ನಾವು ಅದನ್ನು ಆಕೆಗೆ ಹೇಳಲಿಲ್ಲ.

ಅವರನ್ನು ಹೊರತಂದವರು ಹೊಳೆಯಲ್ಲಿ ಮೀನು ಹಿಡಿಯುವ ಇಬ್ಬರು ಅಣ್ಣತಮ್ಮಂದಿರು. ಕತ್ತಲಲ್ಲಿ ತೆಪ್ಪ ತಂದು ಕಿಟಕಿಯ ಸರಳಿಗೆ ಕಟ್ಟಿ, ಮೊದಲು ನಮ್ಮ ತಮ್ಮನವರ ಅತ್ತೆಯನ್ನು, ಆಮೇಲೆ ಮೊಮ್ಮಗುವನ್ನು ಇಳಿಸಿಕೊಂಡರು. ಆ ತೆಪ್ಪದವರನ್ನು ನಮ್ಮ ಮನೆಯವರು ಅದುವರೆಗೆ ಅಂಗಳದಿಂದ ಒಳಗೆ ಕರೆದಿದ್ದುದಿಲ್ಲ ಎಂಬುದನ್ನೂ ಇಲ್ಲಿ ಮುಚ್ಚಿಡಬಾರದು. ಊರ ಮೇಲಣ ಶಾಲೆಯಲ್ಲಿ ಆ ರಾತ್ರಿ ಒಂದೇ ಜಮಖಾನದ ಮೇಲೆ ಎಲ್ಲ ಕೇರಿಗಳವರೂ ಮಲಗಿದರು. ಮರುದಿನ ಬೆಳಿಗ್ಗೆ ಹತ್ತಿರದ ಮಠವೊಂದರಿಂದ ದೊಡ್ಡ ಹಂಡೆಗಳಲ್ಲಿ ಅನ್ನಸಾರು ಬಂದಿತು. ಯಾರೂ ಆಜ್ಞೆ ಮಾಡಿದ್ದಲ್ಲ, ಯಾರೂ ಸಭೆ ಕರೆದದ್ದಲ್ಲ. ಜಾತ್ರೆಗೆ ಸಾವಿರಾರು ಜನಕ್ಕೆ ಬೇಯಿಸುವ ಅದೇ ಒಲೆ, ಅದೇ ಹಂಡೆ, ಅದೇ ಕೈಗಳು. ಪ್ರತಿವರ್ಷ ಹಚ್ಚುವ ಒಲೆಯಾದುದರಿಂದ ಆಪತ್ತಿನ ದಿನ ಹಚ್ಚಲು ತಡವಾಗಲಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ಬಾಗಲಕೋಟೆ, ರಾಯಚೂರು ಸೀಮೆಗಳ ಮಠಗಳ ಪಡಸಾಲೆಗಳೂ ಹೀಗೆಯೇ ತೆರೆದುಕೊಂಡವು. ಮಠವೆಂಬ ಕಾರಣಕ್ಕೆ ಇದನ್ನು ನಾವು ಹೆಚ್ಚು ಹೊಗಳುತ್ತಿಲ್ಲ. ನಂಜನಗೂಡಿನ ಮಸೀದಿ, ಚರ್ಚುಗಳವರೂ ಇಂಥ ಕಾಲದಲ್ಲಿ ಸುಮ್ಮನೆ ಕುಳಿತವರಲ್ಲ. ಬಳಕೆಯಲ್ಲಿರುವ ಒಲೆಗೂ ಬಳಕೆ ತಪ್ಪಿದ ಒಲೆಗೂ ಇರುವ ವ್ಯತ್ಯಾಸವಷ್ಟೇ ನಾವು ಹೇಳಹೊರಟದ್ದು.

ಬಳಕೆ ತಪ್ಪಿದ್ದರ ಉದಾಹರಣೆಗೆ ದೂರ ಹೋಗಬೇಕಿಲ್ಲ. ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆಯೆಂದು ಲೆಕ್ಕ ಹೇಳುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ತಮ್ಮ ಯೋಗವೆಂದು ಬಗೆದು ಜನರೊಡನೆ ಮಣ್ಣು ಹೊತ್ತದ್ದು ಭಕ್ತರೆಲ್ಲರೂ ಬಲ್ಲ ಕಥೆ. ಇಂದಿನ ಸೊಲ್ಲಾಪುರದ ನಡುವೆ ಆ ಕೆರೆ ಈಗಲೂ ಇದೆ. ಆದರೆ ಕೆರೆಯನ್ನು ಉಳಿಸಿದ್ದು ಕಟ್ಟಿದವರಲ್ಲ, ಪ್ರತಿ ಬೇಸಿಗೆ ಹೂಳೆತ್ತಿದವರು. ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ತೂಬು ಎಷ್ಟು ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಕೋಡಿ ಬೀಳುವ ಮುನ್ನ ಯಾರಿಗೆ ಕೂಗಿ ಹೇಳಬೇಕು ಎಂಬುದೆಲ್ಲ ಅವನ ಕೆಲಸ. ಆತ ಕ್ಯೂಸೆಕ್ಸ್ ಬಲ್ಲವನಲ್ಲ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಬಲ್ಲವನು. ಹೂಳಿನ ಮಣ್ಣನ್ನು ರೈತರು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಸುತ್ತಣ ಇಳಿಜಾರುಗಳಿಂದ ನೀರು ತರುತ್ತಿದ್ದ ಪೂರ್ಣಯ್ಯನ ನಾಲೆಯನ್ನು ಇಂದು ಹುಡುಕಿಕೊಂಡು ಹೋದವರಿಗೆ ಬಹುಪಾಲು ಸಿಗುವುದು ಮನೆಗಳ ಹಿತ್ತಲು, ಚರಂಡಿ. ನಾವು ದಿನವೂ ಬೆಳಿಗ್ಗೆ ಆ ಕೆರೆಯ ಏರಿಯ ಮೇಲೆ ನಡೆಯುವವರೇ. ನೀರು ಎಲ್ಲಿಂದ ಬರುತ್ತಿತ್ತು ಎಂದು ಯೋಚಿಸದೆ ಎಷ್ಟೋ ವರ್ಷ ನಡೆದಿದ್ದೇವೆ.

ಕಾಲವೋ ಹಳೆಯದಲ್ಲ. 2019ರ ಆ ಪ್ರವಾಹ ರಾಜ್ಯದ 22 ಜಿಲ್ಲೆಗಳನ್ನು ಬಾಧಿಸಿತು. ಅದೇ ವರ್ಷದ ಬೇಸಿಗೆಯಲ್ಲಿ ಅವುಗಳಲ್ಲಿ ಹಲವು ಜಿಲ್ಲೆಗಳ ಹಳ್ಳಿಗಳಿಗೆ ಟ್ಯಾಂಕರ್ ನೀರು ಹೋಗುತ್ತಿತ್ತು. 2023ರಲ್ಲಿ ಮಳೆ ಕೈಕೊಟ್ಟು 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು, ಕನ್ನಂಬಾಡಿ ತುಂಬಲಿಲ್ಲ. 2025ರಲ್ಲಿ ಅದೇ ಕನ್ನಂಬಾಡಿ ಜೂನ್ ಮುಗಿಯುವುದರೊಳಗೆ ತುಂಬಿತು. ಕಾರಣವನ್ನು ವಿಜ್ಞಾನಿಗಳು ಸರಳವಾಗಿಯೇ ಹೇಳುತ್ತಾರೆ. ಕಲ್ಲಿದ್ದಲು, ಪೆಟ್ರೋಲು ಉರಿಸಿದ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕಾದ ಅರಬ್ಬಿ ಸಮುದ್ರದ ಮೇಲಿಂದ ಬರುವ ಮೋಡ ತಿಂಗಳಿಗೆ ಹರಡಿ ಸುರಿಸಬೇಕಾದುದನ್ನು ಮೂರು ದಿನಗಳಲ್ಲಿ ಕೊಡವಿಬಿಡುತ್ತದೆ. ಉಳಿದ ದಿನ ಬಿಸಿಲು. ವಯನಾಡಿನ 2024ರ ಮಳೆಯನ್ನು ಪರಿಶೀಲಿಸಿದವರು ಈ ತಾಪವೃದ್ಧಿಯಿಂದ ಅದರ ರಭಸ ಶೇಕಡ 10ರಷ್ಟು ಹೆಚ್ಚಿತೆಂದು ಅಂದಾಜು ಮಾಡಿದ್ದಾರೆ. ಶೇಕಡ 10 ಎಂದರೆ ಅಲ್ಪವೆಂದು ತೋರಬಹುದು. ತುಂಬಿದ ಕೊಡಕ್ಕೆ ಹತ್ತರಲ್ಲಿ ಒಂದು ಪಾಲು ಹೆಚ್ಚಿಗೆ ಸುರಿದು ನೋಡಿದವರಿಗೆ ಅದು ಅಲ್ಪವಲ್ಲ.

ಬೆಳೆಯ ವಿಚಾರದಲ್ಲಿ ಒಂದು ಸಂತೋಷದ ಸಂಗತಿಯನ್ನು ಇಲ್ಲಿ ನಡುವೆ ಹೇಳಬೇಕೆನಿಸುತ್ತದೆ. ಒಡಿಶಾದ ರೈತರು ಪರಂಪರೆಯಿಂದ ಕಾಪಾಡಿಕೊಂಡು ಬಂದ, ನೆರೆಗೆ ಕೊಳೆಯದ ಒಂದು ನಾಡಭತ್ತದ ಗುಣವನ್ನು ಫಿಲಿಪೀನ್ಸಿನ ಲಾಸ್ ಬನ್ಯೋಸ್‌ನಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಸ್ವರ್ಣ ಎಂಬ ತಳಿಗೆ ಸೇರಿಸಿದರು. ಸ್ವರ್ಣ-ಸಬ್1 ಎಂಬ ಆ ಭತ್ತ 2009ರಲ್ಲಿ ನಮ್ಮ ದೇಶದ ರೈತರಿಗೆ ದೊರೆಯಿತು. ಎರಡು ವಾರದವರೆಗೆ ನೀರಿನಡಿ ಇದ್ದರೂ ಮತ್ತೆ ಚಿಗುರುತ್ತದೆ. ನಮ್ಮ ವರದಾ ನದಿಯ ಕಡೆಯ ರೈತರಲ್ಲಿಯೂ ನೆರೆಗುಳಿ ಎಂಬ ಹೆಸರಿನ ಹಳೆಯ ಭತ್ತವೊಂದಿದೆ. ಹೆಸರಿನಲ್ಲೇ ನೆರೆಯನ್ನಿಟ್ಟುಕೊಂಡ ಅಂಥ ಬೀಜವನ್ನು ಕಣಜದ ಮೂಲೆಯಲ್ಲಿ ಉಳಿಸಿಕೊಂಡು ಬಂದವರು ಬಹುತೇಕ ಮನೆಯ ಹೆಂಗಸರು. ಇಳುವರಿ ಕಡಿಮೆಯೆಂದು ಗಂಡಸರು ಬಿಟ್ಟರೂ ಅವರು ಬಿಡಲಿಲ್ಲ.

ನೀರು ಇಳಿದ ಮೇಲೆ ತಮ್ಮನವರಿಗೆ ಪರಿಹಾರದ ಹಣ ಬಂದಿತು, ತಡವಾಗಿಯಾದರೂ. ಗೋಡೆಗಳಿಗೆ ಮತ್ತೆ ಸುಣ್ಣ ಬಳಿದು ಅವರು ಎರಡು ವರ್ಷ ಅಲ್ಲಿಯೇ ಇದ್ದರು. ಮಳೆಗಾಲ ಬಂದರೆ ನಾದಿನಿಗೆ ನಿದ್ದೆಯಿಲ್ಲ. ಬಚ್ಚಲಿನಲ್ಲಿ ನೀರು ಸದ್ದು ಮಾಡಿದರೆ ಎದ್ದು ಕೂರುತ್ತಿದ್ದಳು. ಕಡೆಗೆ ಊರ ಮೇಲೆ ನಮ್ಮ ಪಾಲಿಗೆ ಬಂದಿದ್ದ ಹಳೆಯ ಹಟ್ಟಿಯ ಜಾಗವನ್ನು ಅವರಿಗೆ ಬಿಟ್ಟುಕೊಟ್ಟೆವು. ಅದನ್ನು ಔದಾರ್ಯವೆಂದು ನೆಂಟರು ಕೆಲವರು ಹೊಗಳಿದರು. 2007ರ ನಮ್ಮ ಮಾತಿನ ಸಾಲಕ್ಕೆ ಅದು ಬಡ್ಡಿಯೂ ಆಗಲಿಲ್ಲವೆಂದು ಬಲ್ಲವರು ನಾವಿಬ್ಬರು ಮಾತ್ರ. ಹೊಸ ಮನೆ ಕಟ್ಟುವಾಗ ಹಳೆಯ ಮನೆಯ ಬಾಗಿಲು, ಕಿಟಕಿ, ತೊಲೆಗಳನ್ನು ಊರ ಹುಡುಗರೇ ಹೆಗಲ ಮೇಲೆ ಹೊತ್ತು ಏರಿಗೆ ತಂದರು. ತೆಪ್ಪದ ಆ ಅಣ್ಣತಮ್ಮಂದಿರೂ ಅದರಲ್ಲಿದ್ದರು. ಕೂಲಿ ಮುಟ್ಟಲಿಲ್ಲ. ಅಂದು ಎಲ್ಲರೂ ಒಳಮನೆಯಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಂಡರು. ಹೋಳಿಗೆ ಸಾಲದೆ ನಾದಿನಿ ಮತ್ತೆ ಕಣಕ ನಾದಬೇಕಾಯಿತು.

ಆ ತರುಣಿ ತನ್ನ ದೇಶಕ್ಕೆ ಹಿಂದಿರುಗುವ ಮುನ್ನ ನಮ್ಮ ಊರನ್ನು ನೋಡಬೇಕೆಂದಳು. ನೆರೆ ಇಳಿದಿತ್ತು. ಹಳೆಯ ಮನೆಯ ಅಡಿಪಾಯದ ಮೇಲೆ ಕುಳಿತು ಬಹಳ ಹೊತ್ತು ಹೊಳೆ ನೋಡಿದಳು. ನಾವು ಆಗ ಆಕೆಗೆ ನಡೆದದ್ದನ್ನೆಲ್ಲ ಹೇಳಿದೆವು. ಅಂದು ನಮ್ಮೊಡನೆ ಬಂದಿದ್ದ ಶಾಲೆಯ ಹುಡುಗರು ಆಕೆಯ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದರೆಂದು ತೋರುತ್ತದೆ. ಮರುವರ್ಷ ಮಳೆಗಾಲಕ್ಕೆ ಮುಂಚೆ ಅರಳಿಕಟ್ಟೆಯ ಕಲ್ಲುಕಂಬದ ಮೇಲೆ ಅವರು ಕೆಂಪು ಬಣ್ಣದಲ್ಲಿ ಮೂರು ಗೆರೆ ಎಳೆದಿದ್ದಾರೆ: 2018, 2019, 2024. ಪಕ್ಕದಲ್ಲಿ, ನೀರು ಯಾವ ಗೆರೆಗೆ ಬಂದರೆ ಯಾವ ಕೇರಿಯವರು ಹೊರಡಬೇಕು, ಯಾವ ಮನೆಯ ಮುದುಕರನ್ನು ಯಾರು ಹೊತ್ತುತರಬೇಕು ಎಂದು ಬರೆದಿದ್ದಾರೆ. ಅಕ್ಷರ ಸೊಟ್ಟ. ಕಾಗುಣಿತದ ತಪ್ಪುಗಳಿವೆ; ನಾವು ತಿದ್ದಲು ಹೋಗಲಿಲ್ಲ. ಖಾಲಿಯಾದ ಆ ಮುಕ್ಕಾಲು ಎಕರೆಯಲ್ಲಿ ತಮ್ಮನವರು ಈ ಬೇಸಿಗೆಯಲ್ಲಿ ಕುಂಬಳ ಹಾಕಿದ್ದರು. ಗೋಕುಲಂಗೆ ಎರಡು ಕಾಯಿ ಬಂದವು.